ಚೆಂಡು ಬಲಕ್ಕೇ ಹೋಗುತ್ತಿದೆಯಾ? ಶಾಫ್ಟ್ ಬದಲಿಸುವ ಮೊದಲು ಇವನ್ನು ನೋಡಿ

ಗಾಲ್ಫ್‌ನಲ್ಲಿ ಡ್ರೈವರ್‌ನಿಂದ (ಅತಿ ದೂರ ಹೊಡೆಯಲು ಬಳಸುವ ಉದ್ದದ ಕ್ಲಬ್) ಹೊಡೆದ ಚೆಂಡು ಪದೇ ಪದೇ ಬಲಕ್ಕೆ ಹೋದರೆ, ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್‌ನಲ್ಲಿ ಸಿಗುವ ಸಲಹೆ ಎರಡೇ. "ನಿಮ್ಮ ಶಾಫ್ಟ್ ಸ್ಟಿಫ್ ಜಾಸ್ತಿ" ಅನ್ನುತ್ತಾರೆ ಒಬ್ಬರು, ಅಂದರೆ ಕ್ಲಬ್ಬಿನ ಕೋಲು ತೀರ ಗಡಸು ಅಂತ. "ಟಾರ್ಕ್ ಜಾಸ್ತಿ ಇದೆ, ಹೆಡ್ ತಿರುಚಿಕೊಳ್ತಿದೆ" ಅನ್ನುತ್ತಾರೆ ಇನ್ನೊಬ್ಬರು, ಅಂದರೆ ಕೋಲಿನ ತುದಿಯ ಹೊಡೆಯುವ ಭಾಗ ತಿರುಗುತ್ತಿದೆ ಅಂತ. ಎರಡೂ ನಿಜ ಇರಬಹುದು. ಆದರೆ ಹೊಸ ಶಾಫ್ಟ್‌ಗೆ ಸಾವಿರಾರು ರೂಪಾಯಿ ಕೊಟ್ಟ ಮೇಲೂ ಚೆಂಡು ಅದೇ ಮರಗಳ ಸಾಲಿಗೆ ಹೋಗಿ ಬೀಳುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ದೋಷ ಬೇರೆಲ್ಲೋ ಇರುತ್ತದೆ. ಅದನ್ನು ಹುಡುಕುವ ಮೊದಲೇ ದುಡ್ಡು ಖರ್ಚಾಗಿರುತ್ತದೆ.

ಹಾಗಾಗಿ ಹುಡುಕುವ ಕ್ರಮ ಮುಖ್ಯ. ಮೊದಲು ಕ್ಲಬ್ಬಿನಲ್ಲಿ ಏನಾದರೂ ಸಡಿಲ ಇದೆಯಾ ನೋಡಬೇಕು. ಆಮೇಲೆ ಚೆಂಡು ಫೇಸಿನ (ಹೆಡ್ಡಿನ ಹೊಡೆಯುವ ಮುಖ) ಯಾವ ಜಾಗಕ್ಕೆ ತಗಲುತ್ತಿದೆ ಅಂತ ನೋಡಬೇಕು. ನಂತರ ಉದ್ದ, ಲೈ (ಶಾಫ್ಟ್ ನೆಲಕ್ಕೆ ಮಾಡುವ ಕೋನ), ತೂಕ. ಅದಾದ ಮೇಲೆ ಫ್ಲೆಕ್ಸ್. ಟಾರ್ಕ್ ಎಲ್ಲದಕ್ಕಿಂತ ಕೊನೆಗೆ. ಇದನ್ನು ಬಲಗೈ ಆಟಗಾರರಿಗೆ ಅನ್ವಯಿಸುವ ಹಾಗೆ ಬರೆದಿದ್ದೇನೆ. ಎಡಗೈಯವರು ಬಲ ಅಂದಲ್ಲಿ ಎಡ ಅಂತ ಓದಿಕೊಳ್ಳಿ.

ಶಾಫ್ಟ್ ಏನು ಮಾಡುತ್ತದೆ, ಏನು ಮಾಡಲಾರದು

ಸ್ವಿಂಗ್ ಮಾಡುವಾಗ ಶಾಫ್ಟ್‌ಗೆ ಎರಡು ರೀತಿಯ ಒತ್ತಡ ಬೀಳುತ್ತದೆ. ಒಂದು ಬಾಗಿಸುವ ಒತ್ತಡ. ಅದನ್ನು ಎಷ್ಟು ತಡೆಯುತ್ತದೆ ಅನ್ನುವುದೇ ಫ್ಲೆಕ್ಸ್. ಇನ್ನೊಂದು ತಿರುಚುವ ಒತ್ತಡ, ಒದ್ದೆ ಬಟ್ಟೆ ಹಿಂಡುವಾಗ ಆಗುವಂಥದ್ದು. ಅದಕ್ಕೆ ಎಷ್ಟು ಸೋಲುತ್ತದೆ ಅನ್ನುವುದನ್ನು ಟಾರ್ಕ್ ಅಂತ ಡಿಗ್ರಿಯಲ್ಲಿ ಹೇಳುತ್ತಾರೆ.

ತಿರುಚುವ ಒತ್ತಡ ಯಾಕೆ ಬರುತ್ತದೆ? ಹೆಡ್‌ನ ತೂಕದ ಕೇಂದ್ರ ಶಾಫ್ಟ್‌ನ ನೇರಕ್ಕೆ ಇರುವುದಿಲ್ಲ. ಅದು ಟೋ (ಶಾಫ್ಟಿನಿಂದ ದೂರದ ತುದಿ) ಕಡೆಗೆ ಮತ್ತು ಫೇಸಿನ ಹಿಂದಕ್ಕೆ ಸರಿದಿರುತ್ತದೆ. ಕ್ಲಬ್ ಮೇಲಿನಿಂದ ಕೆಳಗೆ ಬರಲು ಶುರುವಾದಾಗ ಕೈ ಮುಂದೆ ಹೋಗುತ್ತದೆ, ಹೆಡ್ ಹಿಂದೆ ಉಳಿಯುತ್ತದೆ, ಶಾಫ್ಟ್ ಹಿಂದಕ್ಕೆ ಬಾಗುತ್ತದೆ. ಚೆಂಡಿನ ಹತ್ತಿರ ಬರುವ ಹೊತ್ತಿಗೆ ವೇಗ ಏರಿರುತ್ತದೆ. ಆಗ ತೂಕದ ಕೇಂದ್ರ ಕೈಗಳ ನೇರಕ್ಕೆ ಬರಲು ಎಳೆಯುತ್ತದೆ. ಅದರಿಂದ ಶಾಫ್ಟ್‌ನ ತುದಿ ಮುಂದಕ್ಕೆ ಬಾಗುತ್ತದೆ, ಲಾಫ್ಟ್ (ಫೇಸ್ ಮೇಲ್ಮುಖವಾಗಿ ವಾಲಿರುವ ಕೋನ) ಸ್ವಲ್ಪ ಜಾಸ್ತಿಯಾಗುತ್ತದೆ. ಜೊತೆಗೆ ಟೋ ಕೆಳಕ್ಕೆ ಇಳಿಯುತ್ತದೆ. ಅಂದರೆ ನೀವು ನಿಂತಾಗ ನೆಲಕ್ಕೆ ಸರಿಯಾಗಿ ಕೂತಿದ್ದ ಕ್ಲಬ್, ಚೆಂಡಿಗೆ ತಗಲುವಾಗ ಅದೇ ಕೋನದಲ್ಲಿ ಇರುವುದಿಲ್ಲ.

ಇಷ್ಟೆಲ್ಲ ನಡೆಯುವುದು ಚೆಂಡಿಗೆ ತಗಲುವ ಮೊದಲು. ಚೆಂಡು ಫೇಸಿನ ಮೇಲೆ ಇರುವುದು ಸುಮಾರು ಅರ್ಧ ಮಿಲಿಸೆಕೆಂಡ್ ಮಾತ್ರ. ತಾಗಿದ ಸುದ್ದಿ ಶಾಫ್ಟ್ ಮೂಲಕ ಕೈಗೆ ತಲುಪಿ ವಾಪಸ್ ಹೆಡ್‌ಗೆ ಬರುವಷ್ಟರಲ್ಲಿ ಚೆಂಡು ಹೊರಟು ಹೋಗಿರುತ್ತದೆ. ಆ ಕ್ಷಣದಲ್ಲಿ ಹೆಡ್ ಹೆಚ್ಚುಕಡಿಮೆ ಶಾಫ್ಟೇ ಇಲ್ಲದ ಹಾಗೆ ವರ್ತಿಸುತ್ತದೆ. "ಟಾರ್ಕ್ ಕಡಿಮೆ ಇರುವ ಶಾಫ್ಟ್ ಹಾಕಿ, ಟೋಗೆ ತಗಲಿದರೂ ಹೆಡ್ ತಿರುಗಲ್ಲ" ಅನ್ನುವ ಮಾತು ತುಂಬ ಓಡಾಡುತ್ತದೆ. ಅದು ಸರಿಯಲ್ಲ. ನಡುವಿನಿಂದ ತಪ್ಪಿದ ಹೊಡೆತಕ್ಕೆ ಹೆಡ್ ತಿರುಗದಂತೆ ತಡೆಯುವುದು ಹೆಡ್‌ನ ತೂಕ ಹೇಗೆ ಹಂಚಿಕೆಯಾಗಿದೆ ಅನ್ನುವುದು. ಶಾಫ್ಟ್ ನಿರ್ಧರಿಸುವುದು ಹೆಡ್ ಯಾವ ಕೋನದಲ್ಲಿ ಚೆಂಡಿನ ಹತ್ತಿರ ಬರುತ್ತದೆ ಅನ್ನುವುದನ್ನು ಮತ್ತು ಬರುವ ದಾರಿಯಲ್ಲಿ ನಿಮ್ಮ ಕೈಗೆ ಏನು ಅನ್ನಿಸುತ್ತದೆ ಅನ್ನುವುದನ್ನು. ಈ ಎರಡನೆಯದನ್ನು ಸಣ್ಣದು ಅಂದುಕೊಳ್ಳಬೇಡಿ. ಕೈಗೆ ಅನ್ನಿಸಿದ್ದರ ಮೇಲೇ ಮುಂದಿನ ಸ್ವಿಂಗ್ ಬದಲಾಗುತ್ತದೆ.

ಮೊದಲು ಸಡಿಲ ಇದೆಯಾ ನೋಡಿ

ಚೆಂಡು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹೋಗುತ್ತಿದ್ದರೆ, ಅದರಲ್ಲೂ ಹೋದ ತಿಂಗಳವರೆಗೆ ಸರಿ ಇದ್ದ ಕ್ಲಬ್ ಈಗ ಹೀಗೆ ಮಾಡುತ್ತಿದ್ದರೆ, ಫ್ಲೆಕ್ಸ್ ಯೋಚನೆ ಬಿಡಿ. ಫ್ಲೆಕ್ಸ್ ಒಂದು ತಿಂಗಳಲ್ಲಿ ಬದಲಾಗುವುದಿಲ್ಲ. ಎಲ್ಲೋ ಜೋಡಣೆ ಬಿಟ್ಟಿದೆ.

ಶಾಫ್ಟ್ ಹೆಡ್‌ಗೆ ಸೇರುವ ಕತ್ತಿನ ಭಾಗಕ್ಕೆ ಹೊಸೆಲ್ ಅನ್ನುತ್ತಾರೆ. ಅದರ ಮೇಲಿರುವ ಕಪ್ಪು ಪ್ಲಾಸ್ಟಿಕ್ ಉಂಗುರ ಫೆರುಲ್. ಫೆರುಲ್ ಮೇಲಕ್ಕೆ ಸರಿದು ಸಂದು ಕಾಣುತ್ತಿದ್ದರೆ ಒಳಗಿನ ಅಂಟು ಬಿಡುತ್ತಿರಬಹುದು. ಫೆರುಲ್ ತಾನೇ ಜಾರುವುದೂ ಉಂಟು. ಅದಕ್ಕೆ ಕಣ್ಣಳತೆ ಸಾಲದು. ಸಣ್ಣ ತುದಿಯ ಪರ್ಮನೆಂಟ್ ಮಾರ್ಕರ್ ತೆಗೆದುಕೊಂಡು ಶಾಫ್ಟ್, ಫೆರುಲ್, ಹೊಸೆಲ್ ಮೂರರ ಮೇಲೂ ಹಾದು ಹೋಗುವ ಒಂದು ನೇರ ಗೆರೆ ಎಳೆಯಿರಿ. ಒಂದು ಬಕೆಟ್ ಚೆಂಡು ಹೊಡೆಯಿರಿ. ಗೆರೆ ಒಂದೇ ಸಾಲಿನಲ್ಲಿ ಇದ್ದರೆ ಸರಿ. ಶಾಫ್ಟ್ ಮೇಲಿನ ಗೆರೆಗೂ ಹೊಸೆಲ್ ಮೇಲಿನ ಗೆರೆಗೂ ಅಂತರ ಬಂದಿದ್ದರೆ ಹೆಡ್ ತಿರುಗುತ್ತಿದೆ. ಆ ಕ್ಲಬ್ಬಿನಿಂದ ಇನ್ನೊಂದು ಚೆಂಡೂ ಹೊಡೆಯಬೇಡಿ. ಹೆಡ್ ಕಿತ್ತು ಹಾರಿದರೆ ಪಕ್ಕದವರ ತಲೆಗೆ ಅಪಾಯ.

ಈ ತಿರುಗುವಿಕೆಯನ್ನೇ ಜನ ಟಾರ್ಕ್ ಅಂತ ತಪ್ಪು ತಿಳಿಯುತ್ತಾರೆ. ಲೆಕ್ಕ ನೋಡಿ. ಫೇಸ್ ಬರೀ 1 ಡಿಗ್ರಿ ಬೇರೆ ಕಡೆ ನೋಡಿದರೆ 200 ಗಜ ದೂರದಲ್ಲಿ ಅದು ಮೂರೂವರೆ ಗಜದ ವ್ಯತ್ಯಾಸ, ಚೆಂಡಿನ ತಿರುವು ಸೇರಿಸದೆಯೇ. ಡ್ರೈವರ್ ಚೆಂಡು ಹೊರಡುವ ದಿಕ್ಕು ಬಹುಪಾಲು ಫೇಸ್ ನೋಡುವ ದಿಕ್ಕೇ. ಕಣ್ಣಿಗೆ ಕಾಣದಷ್ಟು ಸಡಿಲವೂ ಆಟ ಕೆಡಿಸಲು ಸಾಕು.

ಈಗಿನ ಡ್ರೈವರ್‌ಗಳಲ್ಲಿ ಬಹಳಷ್ಟಕ್ಕೆ ಲಾಫ್ಟ್ ಬದಲಿಸುವ ಸ್ಲೀವ್ ಇರುತ್ತದೆ, ಅಡಿಯಿಂದ ಒಂದು ಸ್ಕ್ರೂ. ಅದನ್ನು ಡ್ರೈವರ್ ಜೊತೆ ಬಂದ ವ್ರೆಂಚ್‌ನಿಂದಲೇ ಟಕ್ ಅಂತ ಶಬ್ದ ಬರುವವರೆಗೆ ಬಿಗಿ ಮಾಡಬೇಕು. ಮನೆಯ ಅಲೆನ್ ಕೀ ಬೇಡ. ಸ್ಲೀವ್ ಯಾವ ಗುರುತಿನಲ್ಲಿದೆ ಅಂತಲೂ ನೋಡಿ. ಎಷ್ಟೋ ಮಾದರಿಗಳಲ್ಲಿ ಲಾಫ್ಟ್ ಕಡಿಮೆ ಮಾಡಿದರೆ ಫೇಸ್ ತೆರೆದುಕೊಳ್ಳುತ್ತದೆ, ಅಂದರೆ ಬಲಕ್ಕೆ ನೋಡುತ್ತದೆ. ಚೆಂಡು ಕೆಳಗೆ ಹಾರಲಿ ಅಂತ 10.5 ಡಿಗ್ರಿಯಿಂದ 9ಕ್ಕೆ ಇಳಿಸಿ, ಅದೇ ವಾರದಿಂದ ಬಲಕ್ಕೆ ಹೋಗಲು ಶುರುವಾದರೆ ಕಾರಣ ಕೈಯಲ್ಲೇ ಇದೆ ಅಲ್ವಾ?

ಕ್ಲಬ್ ಬ್ಯಾಗನ್ನು ಕಾರಿನ ಡಿಕ್ಕಿಯಲ್ಲೇ ಬಿಡುವವರು ಇನ್ನೂ ಎಚ್ಚರ ವಹಿಸಬೇಕು. ಏಪ್ರಿಲ್ ಬಿಸಿಲಿಗೆ ಮುಚ್ಚಿದ ಡಿಕ್ಕಿ ಕಾದು, ತಣಿದು, ಮತ್ತೆ ಕಾದು ಎಪಾಕ್ಸಿ ಅಂಟು ದುರ್ಬಲವಾಗುತ್ತದೆ. ಗ್ರಿಪ್ (ಕೈ ಹಿಡಿಯುವ ರಬ್ಬರ್ ಭಾಗ) ಒಳಗಿನ ಟೇಪ್ ಕೂಡ ಸರಿಯುತ್ತದೆ. ಗ್ರಿಪ್ ಶಾಫ್ಟ್ ಮೇಲೆ ಒಂಚೂರು ತಿರುಗಿದರೂ ಫಲ ಒಂದೇ. ಮಂಗಳೂರು, ಕಾರವಾರದ ಕಡೆ ಇರುವವರು ಸ್ಟೀಲ್ ಶಾಫ್ಟ್ ಹೊಸೆಲ್‌ಗೆ ಸೇರುವಲ್ಲಿ ತುಕ್ಕು ನೋಡಿಕೊಳ್ಳಿ. ಗ್ರಾಫೈಟ್ ಆದರೆ ಅದೇ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯಾ ಅಂತ ಉಗುರಿನಿಂದ ಸವರಿ ನೋಡಿ.

ಚೆಂಡು ಫೇಸಿನ ಎಲ್ಲಿಗೆ ತಗಲುತ್ತಿದೆ?

ನನ್ನ ಪ್ರಕಾರ ಈ ಇಡೀ ಹುಡುಕಾಟದಲ್ಲಿ ಅತಿ ಹೆಚ್ಚು ಫಲ ಕೊಡುವ ಪರೀಕ್ಷೆ ಇದು. ಅತಿ ಕಡಿಮೆ ಜನ ಮಾಡುವುದೂ ಇದನ್ನೇ.

ಫೇಸಿನ ಮೇಲೆ ತೆಳ್ಳಗೆ ಟಾಲ್ಕಂ ಪೌಡರ್ ಬಳಿಯಿರಿ. ಇಲ್ಲದಿದ್ದರೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ಚೆಂಡಿನ ಹಿಂಭಾಗಕ್ಕೆ ಒಂದು ಚುಕ್ಕೆ ಇಡಿ. ಹತ್ತು ಚೆಂಡು ಹೊಡೆದು ಪ್ರತಿ ಹೊಡೆತದ ನಂತರ ಗುರುತಿನ ಫೋಟೊ ತೆಗೆದುಕೊಳ್ಳಿ. ಡ್ರೈವರ್‌ನ ಫೇಸ್ ಚಪ್ಪಟೆ ಅಲ್ಲ, ಉಬ್ಬಿದೆ, ಮತ್ತು ಅದರ ತೂಕದ ಕೇಂದ್ರ ಫೇಸಿನಿಂದ ಸಾಕಷ್ಟು ಹಿಂದಿದೆ. ಹಾಗಾಗಿ ಹೀಲ್ (ಶಾಫ್ಟ್ ಸೇರುವ ಬದಿ) ಕಡೆ ತಗಲಿದರೆ ಹೆಡ್ ಒಂದು ಕಡೆ ತಿರುಗುತ್ತದೆ, ಚೆಂಡು ಅದಕ್ಕೆ ವಿರುದ್ಧವಾಗಿ ಸುತ್ತುತ್ತದೆ. ಫಲವಾಗಿ ಹೀಲ್‌ಗೆ ತಗಲಿದ ಚೆಂಡಿಗೆ ಬಲಕ್ಕೆ ತಿರುಗುವ ಸ್ಪಿನ್, ಟೋಗೆ ತಗಲಿದ್ದಕ್ಕೆ ಎಡಕ್ಕೆ ತಿರುಗುವ ಸ್ಪಿನ್. ಫೇಸಿನ ಕೆಳಭಾಗಕ್ಕೆ ತಗಲಿದರೆ ಹಿಂಸ್ಪಿನ್ (ಚೆಂಡು ಹಿಮ್ಮುಖವಾಗಿ ಸುತ್ತುವುದು) ಏರಿ, ಚೆಂಡು ಹೋಗುವ ದೂರ ಕಡಿಮೆಯಾಗುತ್ತದೆ. ಬಲಕ್ಕೆ ಹೋದ ಚೆಂಡುಗಳ ಗುರುತೆಲ್ಲ ಹೀಲ್ ಕಡೆಗೇ ಇದ್ದರೆ ಶಾಫ್ಟ್‌ನ ಮೇಲಿನ ಫ್ಲೆಕ್ಸ್ ಅಕ್ಷರ ಬದಲಿಸಿ ಪ್ರಯೋಜನ ಇಲ್ಲ.

ಗೆಳೆಯರೊಬ್ಬರ ಕ್ಲಬ್ಬಿನ ವಿಷಯ ಹೇಳುತ್ತೇನೆ. ಅವರ ಅಣ್ಣ ಅಮೆರಿಕದಿಂದ ತಂದುಕೊಟ್ಟ ಡ್ರೈವರ್, ಎಸ್ ಫ್ಲೆಕ್ಸ್, ಅಂದರೆ ಗಡಸಿನದು. ಇವರು ಐದಡಿ ಐದಿಂಚು. ಚೆಂಡು ಬಲಕ್ಕೇ ಹೋಗುತ್ತಿತ್ತು. ಎಸ್ ಅಂತ ಬರೆದಿರುವುದನ್ನು ನೋಡಿ ಎಲ್ಲರೂ ಅದಕ್ಕಿಂತ ಮೆತ್ತಗಿನ ಆರ್ ಶಾಫ್ಟ್ ಹಾಕಿಸಿ ಅಂದಿದ್ದರು. ಪೌಡರ್ ಬಳಿದು ನೋಡಿದರೆ ಗುರುತೆಲ್ಲ ಹೀಲ್ ಹತ್ತಿರ ಗುಂಪಾಗಿತ್ತು. ಗ್ರಿಪ್ಪನ್ನು ಒಂದು ಇಂಚು ಕೆಳಗೆ ಹಿಡಿದು ಹೊಡೆಯಿರಿ ಅಂದೆ. ಗುರುತುಗಳು ನಡುವಿಗೆ ಬಂದವು. ಬಲಕ್ಕೆ ತಿರುಗುವುದು ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಯಿತು. ಉದ್ದವೇ ದೊಡ್ಡ ದೋಷ. ಆಮೇಲೆ ಶಾಫ್ಟನ್ನು ಗ್ರಿಪ್ ಕಡೆಯಿಂದ ಕತ್ತರಿಸಿ, ಹೆಡ್‌ಗೆ ಸೀಸದ ಪಟ್ಟಿ ಅಂಟಿಸಿದೆವು. ಇದರಲ್ಲಿ ಒಂದು ಲೆಕ್ಕ ನೆನಪಿರಲಿ. ಅರ್ಧ ಇಂಚು ಕತ್ತರಿಸಿದರೆ ಸ್ವಿಂಗ್ ವೇಟ್ (ಬೀಸುವಾಗ ಹೆಡ್ ಎಷ್ಟು ಭಾರ ಅನ್ನಿಸುತ್ತದೆ ಅನ್ನುವ ಅಳತೆ) ಸುಮಾರು 3 ಪಾಯಿಂಟ್ ಇಳಿಯುತ್ತದೆ. ಒಂದು ಪಾಯಿಂಟ್ ವಾಪಸ್ ಪಡೆಯಲು ಹೆಡ್‌ನಲ್ಲಿ ಸುಮಾರು 2 ಗ್ರಾಂ ಬೇಕು. ಒಂದು ಇಂಚಿಗೆ 12 ಗ್ರಾಂ ಆಯಿತು. ಆರ್ ಶಾಫ್ಟ್ ಕೂಡ ಕೊನೆಗೆ ಹಾಕಿ ನೋಡಿದೆವು. ಅದರಿಂದ ಚೆಂಡು ಸ್ವಲ್ಪ ಮೇಲೆ ಹಾರಿತು, ದಿಕ್ಕು ಬದಲಾಗಲಿಲ್ಲ.

ಈಗ ಅಂಗಡಿಯಲ್ಲಿ ಸಿಗುವ ಡ್ರೈವರ್‌ಗಳು 45 ಇಂಚು, 45.5 ಇಂಚು, ಕೆಲವು ಅದಕ್ಕೂ ಜಾಸ್ತಿ. ನಿಯಮದ ಪ್ರಕಾರ 48 ಇಂಚಿನವರೆಗೆ ಇರಬಹುದು. ವೃತ್ತಿಪರ ಟೂರ್‌ಗಳು 2022ರಿಂದ 46 ಇಂಚಿನ ಮಿತಿಯ ಸ್ಥಳೀಯ ನಿಯಮ ಬಳಸಲು ಶುರುಮಾಡಿವೆ. ದಿನವಿಡೀ ಅಭ್ಯಾಸ ಮಾಡುವವರೇ ಆ ಮಿತಿಯೊಳಗೆ ಆಡುವಾಗ ವಾರಾಂತ್ಯದ ಆಟಗಾರರಿಗೆ ಉದ್ದದ ಕ್ಲಬ್ ಯಾಕೆ?

ಲೈ, ಗ್ರಿಪ್, ತೂಕ

ಐರನ್‌ಗಳಲ್ಲಿ (ತೆಳು ಲೋಹದ ಹೆಡ್ ಇರುವ ಗಿಡ್ಡ ಕ್ಲಬ್‌ಗಳು) ಲೈ ಕೋನ ನೋಡಲು ಅದೇ ಮಾರ್ಕರ್ ಸಾಕು. ಚೆಂಡಿನ ಮೇಲೆ ನೆಟ್ಟಗೆ ಒಂದು ದಪ್ಪ ಗೆರೆ ಎಳೆದು, ಗೆರೆ ಫೇಸಿನ ಕಡೆ ಬರುವ ಹಾಗೆ ಇಟ್ಟು ಹೊಡೆಯಿರಿ. ಫೇಸಿನ ಮೇಲೆ ಮೂಡಿದ ಗೆರೆ ಫೇಸಿನ ಗೆರೆಗಳಿಗೆ ಲಂಬವಾಗಿದ್ದರೆ ಸರಿ. ಮೇಲ್ತುದಿ ಟೋ ಕಡೆ ವಾಲಿದ್ದರೆ ಹೊಡೆಯುವ ಕ್ಷಣದಲ್ಲಿ ಟೋ ಮೇಲೆದ್ದಿದೆ, ಚೆಂಡು ಎಡಕ್ಕೆ ಹೋಗುತ್ತದೆ. ಹೀಲ್ ಕಡೆ ವಾಲಿದ್ದರೆ ಟೋ ಇಳಿದಿದೆ, ಬಲಕ್ಕೆ ಹೋಗುತ್ತದೆ. ನಿಂತಾಗ ಅಳೆದ ಲೈ ನಂಬಬೇಡಿ. ಟೋ ಇಳಿಯುವುದು ಸ್ವಿಂಗ್‌ನಲ್ಲಿ ಮಾತ್ರ ಗೊತ್ತಾಗುತ್ತದೆ. ಶಾಫ್ಟ್ ಮೆತ್ತಗೆ ಇದ್ದಷ್ಟೂ ಜಾಸ್ತಿ ಇಳಿಯುತ್ತದೆ. ಆದ್ದರಿಂದ ಶಾಫ್ಟ್ ಬದಲಿಸಿದರೆ ಲೈ ಮತ್ತೆ ನೋಡಬೇಕು.

ಗ್ರಿಪ್ ವಿಷಯ ಇಷ್ಟೇ: ಎಡಗೈಯ ಉಗುರುಗಳು ಅಂಗೈಗೆ ಒತ್ತುತ್ತಿದ್ದರೆ ಸಣ್ಣದು, ಬೆರಳ ತುದಿಗೂ ಅಂಗೈಗೂ ನಡುವೆ ದೊಡ್ಡ ಸಂದು ಇದ್ದರೆ ದಪ್ಪ.

ತೂಕ ಮಾತ್ರ ದೊಡ್ಡ ವಿಷಯ, ಅದಕ್ಕೆ ಸಿಗಬೇಕಾದ ಗಮನ ಸಿಗುತ್ತಿಲ್ಲ. ಡ್ರೈವರ್‌ನ ಗ್ರಾಫೈಟ್ ಶಾಫ್ಟ್ 40ರಿಂದ 80 ಗ್ರಾಂ ತೂಗುತ್ತದೆ. ಐರನ್‌ಗೆ ಹಾಕುವ ಭಾರದ ಸ್ಟೀಲ್ ಶಾಫ್ಟ್ 130 ಗ್ರಾಂ ಹತ್ತಿರ. ಐರನ್ ಎಲ್ಲ ಭಾರದ ಸ್ಟೀಲ್, ಡ್ರೈವರ್ ಮಾತ್ರ 45 ಗ್ರಾಂ ಇರುವ ಬ್ಯಾಗ್ ನಮ್ಮಲ್ಲಿ ಸಾಮಾನ್ಯ. ಒಂದೊಂದು ಕ್ಲಬ್ ಒಂದೊಂದು ಕಡೆಯಿಂದ ಬಂದಿರುತ್ತದೆ. ಏಳನೇ ಐರನ್ ಚೆನ್ನಾಗಿ ಹೊಡೆಯುವವರು ಡ್ರೈವರ್ ಹಿಡಿದ ಕೂಡಲೇ ಕೈ ಮುಂದೆ ಓಡುತ್ತದೆ. ಹೆಡ್ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಚೆಂಡು ಎರಡೂ ಕಡೆ ಚದುರುತ್ತದೆ. ಇಂಥವರಿಗೆ 60 ಗ್ರಾಂ ಶಾಫ್ಟ್ ಕೊಟ್ಟರೆ ಸರಿಹೋಗುವುದನ್ನು ನೋಡಿದ್ದೇನೆ, ಅದೇ ಫ್ಲೆಕ್ಸ್ ಇಟ್ಟುಕೊಂಡೇ. ಶಾಫ್ಟ್ ಆರಿಸುವಾಗ ಮೊದಲು ತೂಕ ಗೊತ್ತು ಮಾಡಿಕೊಳ್ಳಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇದರ ಇನ್ನೊಂದು ಮುಖವೂ ಇದೆ. ಗಂಡನ ಹಳೆ ಸೆಟ್ಟನ್ನು ಹೆಂಡತಿಗೆ ಆಟ ಕಲಿಯಲು ಕೊಡುತ್ತಾರೆ, ಅಪ್ಪನದ್ದನ್ನು ಹದಿಮೂರು ವರ್ಷದ ಮಗಳಿಗೆ. ಉದ್ದ ತಪ್ಪು, ತೂಕ ತಪ್ಪು, ಫ್ಲೆಕ್ಸ್ ತಪ್ಪು. ಚೆಂಡು ಮೇಲೇಳುವುದಿಲ್ಲ. ಆಗ "ನಿನ್ನ ಸ್ವಿಂಗ್ ಸರಿಯಿಲ್ಲ" ಅಂತ ಹೇಳುವುದು ಅನ್ಯಾಯ. ಕಲಿಯುವವರ ಕೈಗೆ ಸರಿಯಾದ ತೂಕದ ಒಂದು ಏಳನೇ ಐರನ್ ಸಿಕ್ಕರೂ ಸಾಕು, ಪೂರ್ತಿ ಸೆಟ್ ಆಮೇಲೆ ಬರಲಿ.

ಫ್ಲೆಕ್ಸ್: ಅಕ್ಷರವನ್ನು ನಂಬಬೇಡಿ, ಅಳೆಯಿರಿ

ಎಲ್, ಎ, ಆರ್, ಎಸ್, ಎಕ್ಸ್. ಮೆತ್ತಗಿನದರಿಂದ ಗಡಸಿನ ಕಡೆಗೆ ಈ ಕ್ರಮ. ಈ ಅಕ್ಷರಗಳಿಗೆ ಉದ್ಯಮದಲ್ಲಿ ಒಪ್ಪಿತ ಅಳತೆ ಇಲ್ಲ. ಒಂದು ಕಂಪನಿಯ ಆರ್ ಇನ್ನೊಂದರ ಎಸ್‌ಗಿಂತ ಗಡಸಾಗಿರಬಹುದು. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆಯೂ ವ್ಯತ್ಯಾಸ ಇರುತ್ತದೆ.

ಆರಂಭಕ್ಕೆ ಬಳಸುವ ಅಂದಾಜು ಇದು: ಡ್ರೈವರ್ ಹೆಡ್‌ನ ವೇಗ ಗಂಟೆಗೆ 75ರಿಂದ 85 ಮೈಲಿ ಇದ್ದರೆ ಎ, 85ರಿಂದ 95 ಇದ್ದರೆ ಆರ್, 95ರಿಂದ 105 ಇದ್ದರೆ ಎಸ್, ಅದರ ಮೇಲೆ ಎಕ್ಸ್. 75ಕ್ಕಿಂತ ಕಡಿಮೆ ಇದ್ದರೆ ಎಲ್. ಲಾಂಚ್ ಮಾನಿಟರ್ (ಹೊಡೆತದ ವೇಗ, ಕೋನ ಅಳೆಯುವ ಯಂತ್ರ) ಸಿಗದವರು ಚೆಂಡು ಗಾಳಿಯಲ್ಲಿ ಹೋದ ದೂರದಿಂದ ವೇಗ ಅಂದಾಜು ಮಾಡುತ್ತಾರೆ. ಆದರೆ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡು ನೂರಕ್ಕೆ ಮೂರರಿಂದ ನಾಲ್ಕರಷ್ಟು ಜಾಸ್ತಿ ದೂರ ಹೋಗುತ್ತದೆ. ಇಲ್ಲಿ 210 ಗಜ ಹೊಡೆದವರು ಕರಾವಳಿಯಲ್ಲಿ 203 ಆಸುಪಾಸು ಹೊಡೆಯುತ್ತಾರೆ. ದೂರದ ಪಟ್ಟಿ ನೋಡಿ ಒಂದು ಫ್ಲೆಕ್ಸ್ ಮೇಲಕ್ಕೆ ಹಾರುವ ಮೊದಲು ಇದನ್ನು ಕಳೆಯಿರಿ. ರೇಂಜ್‌ನ ಸವೆದ ಚೆಂಡುಗಳು ಉಲ್ಟಾ ಕೆಲಸ ಮಾಡುತ್ತವೆ, ದೂರ ಕಡಿಮೆ ತೋರಿಸುತ್ತವೆ.

ವೇಗ ಒಂದೇ ಸಾಲದು. ಮೇಲಿನಿಂದ ಕೆಳಗೆ ಬರುವಾಗ ಎಷ್ಟು ಜೋರಾಗಿ ಎಳೆಯುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಇಬ್ಬರ ವೇಗವೂ 92 ಇರಬಹುದು. ಒಬ್ಬರು ಮೇಲೆ ಒಂದು ಗಳಿಗೆ ನಿಂತು ನಿಧಾನವಾಗಿ ಶುರುಮಾಡುತ್ತಾರೆ. ಇನ್ನೊಬ್ಬರು ರಪ್ ಅಂತ ಎಳೆಯುತ್ತಾರೆ. ಎರಡನೆಯವರ ಶಾಫ್ಟ್ ಜಾಸ್ತಿ ಬಾಗುತ್ತದೆ, ಅವರಿಗೆ ಗಡಸು ಬೇಕಾಗಬಹುದು.

ಆರ್ ಅಥವಾ ಎ ಫ್ಲೆಕ್ಸ್ ಹಿಡಿಯಲು ಗಂಡಸರಿಗೆ ಸಂಕೋಚ ಇರುತ್ತದೆ. ಬೇಡ. ಮಹಿಳೆಯರ ಎಲ್‌ಪಿಜಿಎ ಟೂರ್‌ನಲ್ಲಿ ಡ್ರೈವರ್‌ನ ಸರಾಸರಿ ವೇಗ 94 ಮೈಲಿ ಆಸುಪಾಸು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಾಗ, ಪದಕ ಗೆದ್ದವರಿಗಿಂತ ಅವರ ಡ್ರೈವ್‌ಗಳ ದೂರ ಕಡಿಮೆಯೇ ಇತ್ತು. ವೇಗಕ್ಕೆ ತಕ್ಕ ಕ್ಲಬ್ ಹಿಡಿಯುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಗಡಸುತನ ಅಳೆಯಲು ವರ್ಕ್‌ಶಾಪ್‌ಗಳಲ್ಲಿ ಯಂತ್ರ ಇರುತ್ತದೆ. ಗ್ರಿಪ್ ಕಡೆ ಬಿಗಿಯಾಗಿ ಹಿಡಿದು ತುದಿಯನ್ನು ಎಳೆದು ಬಿಟ್ಟರೆ ಶಾಫ್ಟ್ ನಿಮಿಷಕ್ಕೆ ಎಷ್ಟು ಸಲ ಆಡುತ್ತದೆ ಅಂತ ಎಣಿಸುತ್ತದೆ. ಆ ಎಣಿಕೆಗೆ ಸಿಪಿಎಂ ಅನ್ನುತ್ತಾರೆ. ಡ್ರೈವರ್‌ಗಳಲ್ಲಿ ಅದು ಬಹುಪಾಲು 250ರ ಆಸುಪಾಸು ಇರುತ್ತದೆ. ಸರಿಸುಮಾರು 10 ಏರಿದರೆ ಒಂದು ಫ್ಲೆಕ್ಸ್ ಗಡಸು ಅಂತ ಲೆಕ್ಕ.

ಇದನ್ನು ಮನೆಯಲ್ಲೂ ಮಾಡಬಹುದು. ಗಟ್ಟಿಯಾದ ಬೆಂಚ್ ವೈಸ್ ಬೇಕು. ಗ್ರಿಪ್‌ನ ಮೇಲಿನ ಐದು ಇಂಚನ್ನು ಎರಡು ಮರದ ತುಂಡುಗಳ ನಡುವೆ ಇಟ್ಟು ಬಿಗಿ ಮಾಡಿ. ಹೆಡ್ ಸ್ವಲ್ಪ ಎಳೆದು ಬಿಡಿ. ಫೋನಿನಲ್ಲಿ ಎಂಟು ಪಟ್ಟು ನಿಧಾನದ ವಿಡಿಯೊ ತೆಗೆಯಿರಿ. ಅದನ್ನು ಓಡಿಸಿ, ಹತ್ತು ಪೂರ್ತಿ ಆಟಕ್ಕೆ ಎಷ್ಟು ಸೆಕೆಂಡ್ ಹಿಡಿಯುತ್ತದೆ ನೋಡಿ. 20 ಸೆಕೆಂಡ್ ಬಂದರೆ 240 ಸಿಪಿಎಂ. 19.2 ಬಂದರೆ 250. 18.5 ಬಂದರೆ 260 ಹತ್ತಿರ. ನಿಮ್ಮ ವೈಸ್‌ನ ಸಂಖ್ಯೆ ಅಂಗಡಿಯ ಯಂತ್ರದ ಸಂಖ್ಯೆಗೆ ಹೊಂದುವುದಿಲ್ಲ, ಅದಕ್ಕೆ ಚಿಂತೆ ಬೇಡ. ನಿಮ್ಮ ಬ್ಯಾಗಿನಲ್ಲಿರುವ, ನಿಮಗೆ ಇಷ್ಟವಾದ ಕ್ಲಬ್ಬನ್ನೂ ಇಷ್ಟವಿಲ್ಲದ್ದನ್ನೂ ಒಂದೇ ವೈಸ್‌ನಲ್ಲಿ ಅಳೆಯಿರಿ. ಹೋಲಿಕೆಯೇ ಇಲ್ಲಿ ಮುಖ್ಯ. ಮೂರನೇ ವುಡ್ (ಡ್ರೈವರ್ ತರಹದ್ದೇ, ಆದರೆ ಗಿಡ್ಡ ಕ್ಲಬ್) ಮತ್ತು ಡ್ರೈವರ್ ಎರಡರ ಮೇಲೂ ಎಸ್ ಅಂತ ಇದ್ದು, ಉದ್ದದ ಡ್ರೈವರ್‌ನ ಸಂಖ್ಯೆ ಗಿಡ್ಡ ವುಡ್‌ಗಿಂತ ಜಾಸ್ತಿ ಬಂದರೆ ಅಲ್ಲೇನೋ ಎಡವಟ್ಟಾಗಿದೆ. ಉದ್ದ ಜಾಸ್ತಿ ಇದ್ದಷ್ಟೂ ಎಣಿಕೆ ಇಳಿಯಬೇಕು.

ಫ್ಲೆಕ್ಸ್ ತಪ್ಪಿದ್ದರೆ ಹೇಗೆ ಕಾಣುತ್ತದೆ? ಹೊಡೆತ ಫೇಸಿನ ನಡುವಿಗೇ ತಗಲುತ್ತಿದ್ದೂ ಚೆಂಡು ಕೆಳಗೇ ಹಾರಿ, ಬಲಕ್ಕೆ ಜರುಗಿ, ಕೈಗೆ ಕೋಲು ಹಿಡಿದಂತೆ ಅನ್ನಿಸಿದರೆ ಗಡಸು ಜಾಸ್ತಿ ಇರಬಹುದು. ನಡುವಿಗೆ ತಗಲಿದ್ದೂ ಚೆಂಡು ತೀರ ಮೇಲೇರಿ, ಎಡಕ್ಕೆ ವಾಲಿ, ಗಾಳಿಯಲ್ಲಿ ನಿಂತಂತೆ ಆಗಿ ಬಿದ್ದರೆ ಮೆತ್ತಗೆ ಇರಬಹುದು. ಅದರಲ್ಲೂ ತುದಿ ಭಾಗ ಮೆತ್ತಗಿರುವ ಶಾಫ್ಟ್. ಇರಬಹುದು ಅಂತ ಬೇಕೆಂದೇ ಹೇಳುತ್ತಿದ್ದೇನೆ. ಲಾಫ್ಟ್ ಒಂದು ಡಿಗ್ರಿ ಏರಿಸಿ ಇಳಿಸಿ ನೋಡಿದರೆ ಎಷ್ಟೋ ಸಲ ಇವೇ ಲಕ್ಷಣಗಳು ಹೋಗುತ್ತವೆ, ಅದಕ್ಕೆ ಖರ್ಚೂ ಇಲ್ಲ.

ಟಾರ್ಕ್: ಕೊನೆಯ ಅನುಮಾನ

ಶಾಫ್ಟ್‌ನ ಒಂದು ತುದಿಯನ್ನು ಬಿಗಿಯಾಗಿ ಹಿಡಿದು, ಇನ್ನೊಂದು ತುದಿಗೆ ಒಂದಡಿ ಉದ್ದದ ತೋಳು ಕಟ್ಟಿ, ತೋಳಿನ ತುದಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ತೂಕ ಹಾಕಿದರೆ ಎಷ್ಟು ಡಿಗ್ರಿ ತಿರುಚುತ್ತದೆ ಅನ್ನುವುದೇ ಟಾರ್ಕ್ ಸಂಖ್ಯೆ. ಸ್ಟೀಲ್ ಶಾಫ್ಟ್‌ಗಳಲ್ಲಿ 2 ಡಿಗ್ರಿ ಆಸುಪಾಸು. ಗ್ರಾಫೈಟ್ ಡ್ರೈವರ್ ಶಾಫ್ಟ್‌ಗಳಲ್ಲಿ ಹೆಚ್ಚಾಗಿ 3ರಿಂದ 6. ಎಲ್ಲಿ ಹಿಡಿಯಬೇಕು, ಎಷ್ಟು ಉದ್ದಕ್ಕೆ ಅಳೆಯಬೇಕು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಆದ್ದರಿಂದ ಎರಡು ಕಂಪನಿಗಳ 4.5 ಒಂದೇ ಅಲ್ಲ.

ಸ್ಟೀಲ್‌ನಲ್ಲಿ ಬಾಗುವುದೂ ತಿರುಚುವುದೂ ಒಂದಕ್ಕೊಂದು ಕಟ್ಟಿಕೊಂಡಿವೆ. ಕೊಳವೆಯ ದಪ್ಪ, ವ್ಯಾಸ ಬದಲಿಸಿದರೆ ಎರಡೂ ಒಟ್ಟಿಗೆ ಬದಲಾಗುತ್ತವೆ. ಗ್ರಾಫೈಟ್ ಹಾಗಲ್ಲ. ಕಾರ್ಬನ್ ನಾರಿನ ಹಾಳೆಗಳನ್ನು ಸುತ್ತಿ ಮಾಡಿದ್ದು ಅದು. ಉದ್ದಕ್ಕೆ ಇಟ್ಟ ನಾರು ಬಾಗುವುದನ್ನು ತಡೆಯುತ್ತದೆ. 45 ಡಿಗ್ರಿ ಓರೆಯಾಗಿ ಸುತ್ತಿದ ನಾರು ತಿರುಚುವುದನ್ನು ತಡೆಯುತ್ತದೆ. ಯಾವುದನ್ನು ಎಷ್ಟು ಹಾಕಬೇಕು ಅನ್ನುವುದು ಮಾಡುವವರ ಕೈಯಲ್ಲಿದೆ. 45 ಗ್ರಾಂ ಶಾಫ್ಟ್‌ನಲ್ಲಿ ಓರೆ ನಾರಿಗೆ ಜಾಗವೇ ಕಡಿಮೆ, ಅದಕ್ಕೇ ಹಗುರ ಶಾಫ್ಟ್‌ಗಳ ಟಾರ್ಕ್ ಜಾಸ್ತಿ. ಹಗುರವೂ ಇರಬೇಕು ಟಾರ್ಕೂ ಕಡಿಮೆ ಇರಬೇಕು ಅಂದರೆ ದುಬಾರಿ ನಾರು ಬೇಕು, ಬೆಲೆ ಏರುತ್ತದೆ. ಕಡಿಮೆ ಟಾರ್ಕ್ ಅಂದರೆ ಒಳ್ಳೆಯದು ಅನ್ನುವ ನಂಬಿಕೆ ಬಂದಿದ್ದರಲ್ಲಿ ಈ ಬೆಲೆಯ ಪಾಲೂ ಇದೆ ಅಂತ ನನಗೆ ಅನ್ನಿಸುತ್ತದೆ.

ತಿರುಚುವ ಶಾಫ್ಟ್‌ನಲ್ಲಿ ಆಡಲು ಆಗುವುದೇ ಇಲ್ಲ ಅನ್ನುವವರು ಹಿಕರಿ ಮರದ ಕಾಲ ನೆನಪಿಸಿಕೊಳ್ಳಬೇಕು. ಮರ ಸ್ಟೀಲ್‌ಗಿಂತ ಎಷ್ಟೋ ಜಾಸ್ತಿ ತಿರುಚುತ್ತದೆ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್‌ನ ಮೊದಲ ದಶಕಗಳೆಲ್ಲ ಮರದ ಶಾಫ್ಟ್‌ನವೇ. ಅಮೆರಿಕದಲ್ಲಿ ಸ್ಟೀಲ್‌ಗೆ ಒಪ್ಪಿಗೆ ಸಿಕ್ಕಿದ್ದು 1924ರಲ್ಲಿ, ಬ್ರಿಟನ್ನಿನ ನಿಯಮ ಸಂಸ್ಥೆ ಆರ್ ಅಂಡ್ ಎ ಒಪ್ಪಿದ್ದು 1929ರಲ್ಲಿ. ಮರುವರ್ಷ, 1930ರಲ್ಲಿ, ಅಮೆರಿಕದ ಆಟಗಾರ ಬಾಬಿ ಜೋನ್ಸ್ ಒಂದೇ ವರ್ಷದ ನಾಲ್ಕೂ ದೊಡ್ಡ ಪ್ರಶಸ್ತಿ ಗೆದ್ದದ್ದು ಹಿಕರಿ ಶಾಫ್ಟ್‌ಗಳಿಂದಲೇ. ಅವರ ಸ್ವಿಂಗ್‌ನ ಲಯ ಆ ತಿರುಚುವಿಕೆಗೆ ಹೊಂದಿಕೊಂಡಿತ್ತು. ನಮ್ಮ ಕೈಯೂ ಹಾಗೇ, ಸಿಕ್ಕ ಶಾಫ್ಟ್‌ಗೆ ಬಹಳ ಮಟ್ಟಿಗೆ ಹೊಂದಿಕೊಳ್ಳುತ್ತದೆ. ಟಾರ್ಕ್ ಬದಲಿಸಿದ ಪರಿಣಾಮ ಮೊದಲ ದಿನ ಕಂಡಷ್ಟು ಎರಡು ವಾರದ ನಂತರ ಕಾಣದಿರುವುದು ಅದಕ್ಕೇ.

ಹಾಗಾದರೆ ಟಾರ್ಕ್ ಯಾವಾಗ ನಿಜವಾದ ದೋಷ? ವೇಗ ಜಾಸ್ತಿ ಇದ್ದು, ರಪ್ ಅಂತ ಎಳೆಯುವ ಸ್ವಿಂಗ್ ಇದ್ದು, ಶಾಫ್ಟ್ ಹಗುರ ಮತ್ತು 6 ಡಿಗ್ರಿ ಮೇಲಿದ್ದರೆ, ಹೊಡೆತ ನಡುವಿಗೇ ತಗಲಿಯೂ ಫೇಸ್ ಒಮ್ಮೆ ತೆರೆದು ಒಮ್ಮೆ ಮುಚ್ಚಿ ಬರಬಹುದು. ಲಾಂಚ್ ಮಾನಿಟರ್‌ನಲ್ಲಿ ಫೇಸ್ ಕೋನದ ಸಂಖ್ಯೆ ಹೊಡೆತದಿಂದ ಹೊಡೆತಕ್ಕೆ ಅಗಲವಾಗಿ ಚದುರಿ, ಸ್ವಿಂಗ್‌ನ ದಾರಿ ಮಾತ್ರ ಒಂದೇ ಸಮ ಇದ್ದರೆ ಅನುಮಾನ ಪಡಿ. ಇದಕ್ಕೆ ವಿರುದ್ಧವಾದ ದೋಷ ನಿಧಾನದ ಸ್ವಿಂಗ್‌ನವರಿಗೆ ಬರುತ್ತದೆ. 85 ಮೈಲಿ ವೇಗದವರು 3 ಡಿಗ್ರಿಯ ಶಾಫ್ಟ್ ಹಿಡಿದರೆ ಫ್ಲೆಕ್ಸ್ ಆರ್ ಇದ್ದರೂ ಕೈಗೆ ಗಡಸು ಅನ್ನಿಸುತ್ತದೆ. ಹೆಡ್‌ನ ಅರಿವು ಹೋಗುತ್ತದೆ, ಬಲ ಹಾಕಿ ಹೊಡೆಯಲು ಹೋಗುತ್ತಾರೆ. ನಾನು ನೋಡಿದವರಲ್ಲಿ ಈ ಎರಡನೇ ಗುಂಪೇ ದೊಡ್ಡದು.

ಎರಡು ಬಿಡಿ ಶಾಫ್ಟ್‌ಗಳನ್ನು ಹೋಲಿಸಿ ನೋಡಬೇಕೆಂದರೆ ವೈಸ್‌ನಲ್ಲಿ ಗ್ರಿಪ್ ತೆಗೆದ ಶಾಫ್ಟನ್ನು ಅಡ್ಡಲಾಗಿ ಹಿಡಿಯಿರಿ. ರಬ್ಬರ್ ಇದ್ದರೆ ಅದೇ ತಿರುಚಿ ಅಳತೆ ಕೆಡುತ್ತದೆ. ತುದಿಯ ಕೆಳಗೆ ನುಣುಪಾದ ಆಧಾರ ಕೊಡಿ, ಇಲ್ಲದಿದ್ದರೆ ಶಾಫ್ಟ್ ಬಾಗಿಬಿಡುತ್ತದೆ. ಒಂದಡಿ ಕಡ್ಡಿಯನ್ನು ತುದಿಗೆ ಬಿಗಿದು ಫೋನಿನ ಲೆವೆಲ್ ಆ್ಯಪ್‌ನಲ್ಲಿ ಕೋನ ಬರೆದುಕೊಳ್ಳಿ. 450 ಗ್ರಾಂ ತೂಗು ಹಾಕಿ ಮತ್ತೆ ಬರೆದುಕೊಳ್ಳಿ. ಎಡಕ್ಕೂ ಬಲಕ್ಕೂ ಮಾಡಿ. ಎರಡು ಕಡೆಯೂ ಒಂದೇ ಬರಬೇಕು. ಗಾಲ್ಫ್ ನಿಯಮವೂ ಅದನ್ನೇ ಕೇಳುತ್ತದೆ: ಶಾಫ್ಟ್ ಎರಡೂ ದಿಕ್ಕಿಗೆ ಸಮನಾಗಿ ತಿರುಚಬೇಕು, ಸುತ್ತ ಯಾವ ಕಡೆಗೆ ಬಾಗಿಸಿದರೂ ಸಮನಾಗಿ ಬಾಗಬೇಕು. ಹಳೆಯ ಶಾಫ್ಟ್‌ನಲ್ಲಿ ಎರಡು ಕಡೆಗೆ ದೊಡ್ಡ ವ್ಯತ್ಯಾಸ ಬಂದರೆ ಒಳಗೆ ನಾರು ಬಿಟ್ಟಿದೆ, ಎಸೆಯಿರಿ.

ಬದಲಿಸುವುದೇ ಆದರೆ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಫ್ಲೆಕ್ಸ್ ಪರೀಕ್ಷೆ ಮಾಡುವಾಗ ಹೆಡ್ ಅದೇ ಇರಲಿ, ಉದ್ದ ಅದೇ ಇರಲಿ, ಶಾಫ್ಟ್‌ನ ತೂಕ ಐದು ಗ್ರಾಂ ಒಳಗೆ ಇರಲಿ. ಹಳೆಯದರಲ್ಲಿ ಇಪ್ಪತ್ತು ಹೊಡೆದು ಆಮೇಲೆ ಹೊಸದರಲ್ಲಿ ಇಪ್ಪತ್ತು ಹೊಡೆಯಬೇಡಿ. ಅಷ್ಟರಲ್ಲಿ ಮೈ ಬಿಸಿಯಾಗಿರುತ್ತದೆ ಅಥವಾ ದಣಿದಿರುತ್ತದೆ. ಐದು ಇದರಲ್ಲಿ, ಐದು ಅದರಲ್ಲಿ, ಹೀಗೆ ಅದಲು ಬದಲು ಮಾಡಿ. ಶಾಫ್ಟ್ ಮೇಲಿನ ಅಕ್ಷರಕ್ಕೆ ಟೇಪ್ ಸುತ್ತಿ ಮುಚ್ಚಿದರೆ ಇನ್ನೂ ಒಳ್ಳೆಯದು. ಯಾವುದು ಕೈಯಲ್ಲಿದೆ ಅಂತ ಗೊತ್ತಿಲ್ಲದಾಗ ಕೈ ನಿಜ ಹೇಳುತ್ತದೆ. ಅತಿ ದೂರ ಹೋದ ಒಂದು ಚೆಂಡನ್ನು ನೋಡಿ ಮರುಳಾಗಬೇಡಿ. ಅತಿ ಕೆಟ್ಟ ಮೂರು ಎಲ್ಲಿ ಬಿದ್ದವು ಅಂತ ನೋಡಿ.

ಫಿಟ್ಟರ್ (ಆಟಗಾರರಿಗೆ ತಕ್ಕಂತೆ ಕ್ಲಬ್ ಹೊಂದಿಸುವವರು) ಹತ್ತಿರ ಹೋಗುವುದಾದರೆ ಫೇಸಿನ ಗುರುತಿನ ಫೋಟೊಗಳನ್ನೂ ನಿಮಗೆ ಇಷ್ಟವಾದ ಕ್ಲಬ್ಬನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಶಾಫ್ಟ್‌ನ ತುದಿ ಕತ್ತರಿಸುತ್ತೀರಾ, ಗ್ರಿಪ್ ಕಡೆ ಕತ್ತರಿಸುತ್ತೀರಾ ಅಂತ ಕೇಳಿ. ತುದಿ ಕತ್ತರಿಸಿದರೆ ಚೆನ್ನಾಗಿಯೇ ಗಡಸಾಗುತ್ತದೆ, ಮತ್ತೆ ಮೆತ್ತಗೆ ಮಾಡಲು ಬರುವುದಿಲ್ಲ. ಗ್ರಿಪ್ ಕಡೆ ಕತ್ತರಿಸಿದರೆ ಮುಖ್ಯವಾಗಿ ಉದ್ದ ಇಳಿಯುತ್ತದೆ. ಡ್ರೈವರ್ ಶಾಫ್ಟ್‌ನ ತುದಿಯ ವ್ಯಾಸ ಸಾಮಾನ್ಯವಾಗಿ 0.335 ಇಂಚು, ಐರನ್‌ಗಳಲ್ಲಿ 0.370 ಅಥವಾ ತುದಿ ಸಪೂರವಾಗುವ 0.355. ಹಳೆ ಸೆಟ್‌ಗೆ ಶಾಫ್ಟ್ ಆರ್ಡರ್ ಮಾಡುವ ಮೊದಲು ಇದನ್ನು ಅಳೆಸಿ.

ಮನೆಯಲ್ಲೇ ಮಾಡುವವರಿಗೆ ಎರಡು ಎಚ್ಚರಿಕೆ. ಗ್ರಾಫೈಟ್ ಶಾಫ್ಟ್ ತೆಗೆಯುವಾಗ ಹೊಸೆಲನ್ನು ಹೀಟ್ ಗನ್‌ನಿಂದ ಕಾಯಿಸಿ ನೇರವಾಗಿ ಎಳೆಯಬೇಕು, ತಿರುಚಿ ಕೀಳಬಾರದು. ತಿರುಚಿದರೆ ಓರೆ ನಾರು ಒಡೆಯುತ್ತದೆ, ಹೊರಗೆ ಕಾಣುವುದಿಲ್ಲ. ಅಂಟಿಸುವಾಗ ತುದಿಯ ಬಣ್ಣವನ್ನು ಮಾತ್ರ ಸ್ಯಾಂಡ್‌ಪೇಪರ್‌ನಿಂದ ತೆಗೆಯಿರಿ, ನಾರಿನ ತನಕ ಹೋಗಬೇಡಿ. ಹೊಸೆಲ್ ಒಳಗಿನ ಹಳೆ ಅಂಟು ಪೂರ್ತಿ ಕೆರೆದು ಥಿನ್ನರ್‌ನಿಂದ ಒರೆಸಿ. ಐದು ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ ಬೇಡ. ನಿಧಾನದ್ದನ್ನು ತಂದು, ಎರಡೂ ಟ್ಯೂಬಿನಿಂದ ಹೇಳಿದಷ್ಟೇ ಪ್ರಮಾಣದಲ್ಲಿ ತೆಗೆದು ಚೆನ್ನಾಗಿ ಕಲಸಿ, ಹೆಡ್ ಕೂರಿಸಿ, 24 ಗಂಟೆ ಮುಟ್ಟದೆ ನಿಲ್ಲಿಸಿ. ಹೊಡೆಯುವ ಮೊದಲು ಶಾಫ್ಟ್‌ನಿಂದ ಹೊಸೆಲ್‌ವರೆಗೆ ಹೊಸದಾಗಿ ಮಾರ್ಕರ್ ಗೆರೆ ಎಳೆದುಕೊಳ್ಳಿ.